ಪಂಪ್‌ಹೌಸ್ ಪ್ಯಾನಲ್‌ನ ರೂಟರ್ ಪದೇ ಪದೇ ಕೈಕೊಟ್ಟಾಗ: ಮಲೆನಾಡಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ನದಿ ದಂಡೆಯ ಪಂಪ್‌ಹೌಸ್‌ನಲ್ಲಿ ಮೋಟಾರಿನ ಸ್ಟಾರ್ಟರ್ ಅಥವಾ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಇರುವ ಉಕ್ಕಿನ ಪ್ಯಾನಲ್‌ನೊಳಗೇ ಒಂದು ಕೈಗಾರಿಕಾ ರೂಟರ್ ಕೂರಿಸಿ, ಪಂಪ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯ ಮಾಹಿತಿಯನ್ನು ಮೊಬೈಲ್ ಜಾಲದ ಮೂಲಕ ದೂರದ ಕಚೇರಿಗೆ ತರುವ ವ್ಯವಸ್ಥೆಯನ್ನು ಎದುರಿಗಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಹಿಡಿದ ಮೇಲೆ ಇಂಥ ಜಾಗಗಳಿಂದ ಬರುವ ದೂರು ಬಹುತೇಕ ಒಂದೇ ಮಾತಿನಲ್ಲಿರುತ್ತದೆ: "ರೂಟರ್ ಹ್ಯಾಂಗ್ ಆಗಿದೆ, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ನಾಳೆ ಮತ್ತೆ ಅದೇ ಕಥೆ." ದೂರು ಕೊಟ್ಟವರು ಕಂಡದ್ದನ್ನೇ ಹೇಳಿರುತ್ತಾರೆ, ಆದರೆ ದೋಷ ರೂಟರ್‌ನೊಳಗೇ ಇದೆ ಎಂದು ಅದರಿಂದ ತೀರ್ಮಾನಿಸಲಾಗದು. ಅದಕ್ಕೆ ಕರೆಂಟು ಕೊಡುವ ಸರಬರಾಜು, ಅದನ್ನು ಸುತ್ತುವರಿದ ಗಾಳಿಯ ತೇವ, ಪಕ್ಕದಲ್ಲಿರುವ ಡ್ರೈವ್, ಕೆಳಗಿರುವ ಅರ್ಥಿಂಗ್ ಮತ್ತು ಮೇಲಿರುವ ಆಂಟೆನಾ, ಈ ಐದನ್ನೂ ನೋಡಿ ಮುಗಿಸಿದ ಮೇಲಷ್ಟೇ ರೂಟರ್ ಮೇಲೆ ಅನುಮಾನ ಪಡುವುದು ಸರಿಯಾದ ಕ್ರಮ. ಹೊಸ ರೂಟರ್ ತಂದು ಹಾಕಿ ನೋಡುವುದು ಇರುವ ಪರೀಕ್ಷೆಗಳಲ್ಲೆಲ್ಲ ದುಬಾರಿ. ಹಾಗೆ ಮಾಡಿದಾಗ ದೋಷ ಹೋದಂತೆ ಕಂಡರೂ, ಅದು ರೂಟರ್ ಬದಲಿಸಿದ್ದರಿಂದ ಹೋಯಿತೋ ಅಥವಾ ಬದಲಿಸುವಾಗ ತಂತಿ ಬಿಚ್ಚಿ ಮತ್ತೆ ಬಿಗಿ ಮಾಡಿದ್ದರಿಂದ ಹೋಯಿತೋ ಎಂಬುದು ತಿಳಿಯದೇ ಉಳಿಯುತ್ತದೆ.

ದೋಷದ ವೇಳೆ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ದೋಷ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಕಾರಣದ ಕಡೆಗೆ ಇದಕ್ಕಿಂತ ಚೆನ್ನಾಗಿ ಬೆರಳು ತೋರಿಸುವ ಮಾಪಕ ಬೇರೊಂದಿಲ್ಲ. ಮೋಟಾರ್ ಚಾಲೂ ಆದ ಕ್ಷಣದಲ್ಲೇ ಸಂಪರ್ಕ ಹೋಗುತ್ತಿದ್ದರೆ ಸರಬರಾಜಿನ ಕುಸಿತ ಅಥವಾ ಕಾಂಟ್ಯಾಕ್ಟರ್‌ನ (ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ವಿದ್ಯುತ್ಕಾಂತೀಯ ಸ್ವಿಚ್ಚು) ಕಾಯಿಲ್‌ನಿಂದ ಬರುವ ವೋಲ್ಟೇಜ್ ಏಟು ಎಂದು ಊಹಿಸಬಹುದು. ಮೋಟಾರ್ ಓಡುತ್ತಿರುವಷ್ಟು ಹೊತ್ತೂ ಮಾಹಿತಿ ಕಡಿದು ಕಡಿದು ಬಂದು, ನಿಂತ ಕೂಡಲೇ ಸರಿಹೋದರೆ ಡ್ರೈವ್‌ನ ವಿದ್ಯುತ್ ಗದ್ದಲ ಕಾರಣವಿದ್ದೀತು. ಬೆಳಗಿನ ಜಾವ ಕೆಟ್ಟು, ಬಿಸಿಲೇರಿದ ಮೇಲೆ ತಾನಾಗಿಯೇ ಸರಿಯಾಗುವ ದೋಷ ತೇವದ್ದು. ಜೋರು ಮಳೆ ಸುರಿಯುವಾಗ ಮಾತ್ರ ಬರುವ ದೋಷಕ್ಕೆ ಆಂಟೆನಾದ ಕನೆಕ್ಟರ್‌ನೊಳಗೆ ಇಳಿದ ನೀರನ್ನು ಹುಡುಕಬೇಕು. ಅಕ್ಕಪಕ್ಕದ ಹಲವು ಪಂಪ್‌ಹೌಸ್‌ಗಳು ಒಂದೇ ಸಲ ಮಾಯವಾದರೆ, ಗಂಟೆಗಟ್ಟಲೆ ಕರೆಂಟಿಲ್ಲದೆ ಟವರ್‌ನ ಬ್ಯಾಟರಿಯೇ ಮುಗಿದಿರುವ ಸಾಧ್ಯತೆ ಹೆಚ್ಚು, ಅದಕ್ಕಾಗಿ ಪ್ಯಾನಲ್ ಬಿಚ್ಚುವ ಅಗತ್ಯವೇ ಇಲ್ಲ.

ಇದರ ಜೊತೆಗೆ ನೋಡಲೇಬೇಕಾದದ್ದು ರೂಟರ್‌ನ ಅಪ್‌ಟೈಮ್, ಅಂದರೆ ಅದು ಕೊನೆಯ ಬಾರಿ ಚಾಲೂ ಆದಂದಿನಿಂದ ಎಷ್ಟು ಹೊತ್ತು ಓಡಿದೆ ಎಂಬ ಲೆಕ್ಕ. ಸಂಪರ್ಕ ಮರಳಿದ ಮೇಲೆ ಅಪ್‌ಟೈಮ್ ಕೆಲವೇ ನಿಮಿಷ ತೋರಿಸಿದರೆ ರೂಟರ್ ಪೂರ್ತಿ ನಿಂತು ಎದ್ದಿದೆ ಎಂದಾಯಿತು, ಆಗ ಸರಬರಾಜಿನ ಕಡೆಯಿಂದ ಹುಡುಕಲು ತೊಡಗಬೇಕು. ಅಪ್‌ಟೈಮ್ ದಿನಗಟ್ಟಲೆ ಮುಂದುವರಿದಿದ್ದೂ ಸಂಪರ್ಕ ಮಾತ್ರ ಕಡಿದಿದ್ದರೆ ಸರಬರಾಜು ನಿರಪರಾಧಿ, ಆಂಟೆನಾ, ಸಿಮ್ ಅಥವಾ ಜಾಲದ ಕಡೆ ಹೋಗಬೇಕು. ಒಂದು ಎಚ್ಚರಿಕೆ: ಅಪ್‌ಟೈಮ್ ಮರಳಿ ಸೊನ್ನೆಯಾಗಲು ರೂಟರ್‌ನದೇ ವಾಚ್‌ಡಾಗ್ (ತನ್ನನ್ನು ತಾನೇ ಕಾಯುವ ವ್ಯವಸ್ಥೆ) ಕೂಡ ಕಾರಣವಾಗಬಹುದು. ದೂರದ ವಿಳಾಸವೊಂದಕ್ಕೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ) ಹೋಗದಿದ್ದರೆ ತಾನೇ ಮರುಚಾಲೂ ಆಗುವಂತೆ ಹೊಂದಿಸಿದ್ದರೆ, ದುರ್ಬಲ ಸಿಗ್ನಲ್ ಕೂಡ ಸರಬರಾಜಿನ ದೋಷದಂತೆಯೇ ಕಾಣಿಸುತ್ತದೆ. ಹಲವು ರೂಟರ್‌ಗಳಲ್ಲಿ ಘಟನೆಗಳ ದಾಖಲೆ (ಲಾಗ್) ತಾತ್ಕಾಲಿಕ ಮೆಮೊರಿಯಲ್ಲಿದ್ದು ನಿಂತೊಡನೆ ಅಳಿಸಿಹೋಗುವುದರಿಂದ, ದಾಖಲೆಯನ್ನು ಫ್ಲ್ಯಾಶ್‌ನಲ್ಲಿ ಉಳಿಸುವಂತೆ ಅಥವಾ ಕಚೇರಿಯ ಸರ್ವರ್‌ಗೆ ಕಳಿಸುವಂತೆ ಮೊದಲೇ ಹೊಂದಿಸಿಡಬೇಕು.

ಬಾಗಿಲು ತೆರೆಯುವ ಮುನ್ನ

ರೂಟರ್‌ಗೆ ಬರುವುದು 24 ವೋಲ್ಟ್ ಡಿಸಿ, ಅದರಿಂದ ಜೀವಕ್ಕೆ ಅಪಾಯವಿಲ್ಲ. ಅದರ ಒಂದು ಗೇಣು ಆಚೆ 415 ವೋಲ್ಟ್ ಇರುತ್ತದೆ ಎಂಬುದೇ ಇಲ್ಲಿನ ಅಪಾಯ. ಪ್ಯಾನಲ್‌ನ ಮುಖ್ಯ ವಿದ್ಯುತ್ ಭಾಗವನ್ನು ಮುಟ್ಟುವ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಕೆಲಸಗಾರರೇ ಮಾಡಬೇಕು. ನೆಟ್‌ವರ್ಕ್ ಕೆಲಸಕ್ಕೆಂದು ಬಂದವರು ಬೇರೆಯವರಾಗಿದ್ದರೆ ಇಬ್ಬರೂ ಜೊತೆಯಲ್ಲಿರುವುದು ಒಳ್ಳೆಯದು, ಒಬ್ಬರೇ ಇರುವ ಪಂಪ್‌ಹೌಸ್‌ನಲ್ಲಿ ಒದ್ದೆ ನೆಲದ ಮೇಲೆ ನಿಂತು ಪ್ಯಾನಲ್ ತೆರೆಯುವುದು ಸಲ್ಲದು. ಒಳಬರುವ ಐಸೊಲೇಟರ್ (ಪ್ಯಾನಲ್‌ಗೆ ಬರುವ ಕರೆಂಟನ್ನು ಕಡಿಯುವ ಸ್ವಿಚ್ಚು) ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಬಳಿಕ ಮಲ್ಟಿಮೀಟರನ್ನು ಮೊದಲು ಕರೆಂಟಿರುವ ಇನ್ನೊಂದು ಜಾಗದಲ್ಲಿ ಮುಟ್ಟಿಸಿ ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಪ್ಯಾನಲ್‌ನಲ್ಲಿ ಅಳೆದು, ಮತ್ತೆ ಕರೆಂಟಿರುವ ಕಡೆ ಮುಟ್ಟಿಸಿ ನೋಡಬೇಕು. ಮೀಟರ್ ಸತ್ತಿದ್ದರೂ ಪರದೆಯ ಮೇಲೆ ಸೊನ್ನೆಯೇ ಕಾಣುತ್ತದೆ ಎಂಬುದನ್ನು ಮರೆತು ಅಪಾಯಕ್ಕೆ ಸಿಕ್ಕವರಿದ್ದಾರೆ.

ಡ್ರೈವ್ ಇದ್ದರೆ ಕರೆಂಟು ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಸುಮಾರು 560 ವೋಲ್ಟ್ ಡಿಸಿ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವ್‌ನ ಮೈಮೇಲೇ ಅಚ್ಚಾಗಿರುತ್ತದೆ, ಅಷ್ಟು ಹೊತ್ತು ಕಾದು, ಡಿಸಿ ಬಸ್‌ನ (ಆ ಕೆಪಾಸಿಟರ್‌ಗಳ ಸಾಲಿನ) ವೋಲ್ಟೇಜ್ ಅಳೆದ ಮೇಲೆಯೇ ಕೈ ಹಾಕಬೇಕು. ಜನರೇಟರ್, ಡಿಸಿ ಯುಪಿಎಸ್ (ಬ್ಯಾಟರಿ ಬೆಂಬಲದ ಡಿಸಿ ಸರಬರಾಜು), ಪವರ್ ಫ್ಯಾಕ್ಟರ್ ಕೆಪಾಸಿಟರ್, ಬೇರೆ ಲೈನಿನಿಂದ ಬಂದ ಕಂಟ್ರೋಲ್ ಸರಬರಾಜು, ಹೀಗೆ ಎರಡನೆಯ ದಾರಿಯಿಂದ ಕರೆಂಟು ಬರುವ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಗುಡುಗು ಕೇಳಿಸುತ್ತಿರುವಾಗ ಆಂಟೆನಾ ಕಂಬವನ್ನಾಗಲಿ, ಅದರಿಂದ ಇಳಿದ ಕೇಬಲನ್ನಾಗಲಿ ಮುಟ್ಟಬಾರದು. ಕೆಲಸ ನಾಳೆಗಾಗಲಿ.

ಸರಬರಾಜು

ರೂಟರ್‌ನ ಟರ್ಮಿನಲ್‌ನಲ್ಲೇ ವೋಲ್ಟೇಜ್ ಅಳೆಯಬೇಕು. ಎಸ್‌ಎಂಪಿಎಸ್‌ನ (ಎಸಿಯನ್ನು 24 ವೋಲ್ಟ್ ಡಿಸಿಗೆ ಬದಲಿಸುವ ಸಾಧನ) ಬಾಯಲ್ಲಿ 24 ವೋಲ್ಟ್ ಇದೆಯೆಂದು ಬರೆದುಕೊಂಡು ಮುಂದೆ ಹೋಗುವುದು ಬಹಳ ಕಡೆ ನಡೆಯುವ ಅವಸರ. ಕೈಗಾರಿಕಾ ರೂಟರ್‌ಗಳು ಸಾಮಾನ್ಯವಾಗಿ 9ರಿಂದ 30 ಅಥವಾ 36 ವೋಲ್ಟ್‌ವರೆಗಿನ ವಿಶಾಲ ವ್ಯಾಪ್ತಿಯನ್ನು ತಡೆದುಕೊಳ್ಳುವುದರಿಂದ 24 ವೋಲ್ಟ್ ವ್ಯವಸ್ಥೆಯಲ್ಲಿ ಸ್ವಲ್ಪ ಇಳಿದರೂ ತೊಂದರೆಯಿಲ್ಲ. ತೊಂದರೆ ಬರುವುದು ಯಾರೋ ಉಳಿತಾಯಕ್ಕೆಂದು 12 ವೋಲ್ಟ್ ಅಡಾಪ್ಟರ್ ಹಾಕಿ, ಅದರಿಂದ ದೂರಕ್ಕೆ ಸಣ್ಣ ತಂತಿ ಎಳೆದಿದ್ದಾಗ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 20 ಮೀಟರ್ ದೂರಕ್ಕೆ ಹೋಗಿಬರುವ ದಾರಿಯ ರೋಧ ಸುಮಾರು ಒಂದೂವರೆ ಓಮ್. ಜಾಲಕ್ಕೆ ಮಾಹಿತಿ ಕಳಿಸುವ ಕ್ಷಣದಲ್ಲಿ ರೂಟರ್ ಒಂದು ಆಂಪಿಯರ್ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಟರ್ಮಿನಲ್ ಸಡಿಲವಿದ್ದರೆ ಇನ್ನಷ್ಟು. ಸಿಗ್ನಲ್ ಹುಡುಕುವಾಗಲೇ ನಿಂತುಹೋಗುವ ರೂಟರ್‌ಗಳ ಹಿಂದೆ ಇಂಥ ಲೆಕ್ಕವಿರುತ್ತದೆ.

ಮೋಟಾರ್ ನೇರವಾಗಿ ಚಾಲೂ ಆಗುವಾಗ ಅದರ ಸಾಮಾನ್ಯ ಪ್ರವಾಹದ ಆರೇಳು ಪಟ್ಟು ಎಳೆಯುತ್ತದೆ. ಉದ್ದದ ಹಳ್ಳಿ ಲೈನಿನ ತುದಿಯಲ್ಲಿರುವ ಪಂಪ್‌ಹೌಸ್‌ನಲ್ಲಿ ಆ ಕ್ಷಣ ವೋಲ್ಟೇಜ್ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಬಲ್ಬು ಮಂಕಾಗುವುದರಲ್ಲೇ ಕಾಣಬಹುದು. ಒಳ್ಳೆಯ ಎಸ್‌ಎಂಪಿಎಸ್ 85ರಿಂದ 264 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ, ಒಳಬರುವ ಕರೆಂಟು ಪೂರ್ತಿ ಹೋದರೂ ಸುಮಾರು 20 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸ್‌ನ ಒಂದು ಆವರ್ತ ತಡೆದುಕೊಳ್ಳುತ್ತದೆ. ಅದರ ಕೆಪಾಸಿಟರ್ ಒಣಗಿದ್ದರೆ ಈ ತಾಳಿಕೆ ಹೋಗಿರುತ್ತದೆ, ಆದರೂ ಮಲ್ಟಿಮೀಟರ್ ಸ್ಥಿರವಾಗಿ 24 ತೋರಿಸುತ್ತಲೇ ಇರುತ್ತದೆ, ಏಕೆಂದರೆ ಸೆಕೆಂಡಿಗೆ ಕೆಲವೇ ಬಾರಿ ಅಂಕಿ ಬದಲಿಸುವ ಸಾಧಾರಣ ಮೀಟರ್‌ಗೆ ಇಷ್ಟು ಚಿಕ್ಕ ಕುಸಿತ ಕಾಣುವುದೇ ಇಲ್ಲ. ಕನಿಷ್ಠ ಮೌಲ್ಯವನ್ನು ವೇಗವಾಗಿ ಹಿಡಿಯುವ ಮೀಟರ್ ಅಥವಾ ಆಸಿಲೊಸ್ಕೋಪ್ ಇಲ್ಲದಿದ್ದರೆ ಸುಲಭದ ಉಪಾಯವೊಂದಿದೆ: ರೂಟರನ್ನು ತಾತ್ಕಾಲಿಕವಾಗಿ ಎರಡು 12 ವೋಲ್ಟ್ ಬ್ಯಾಟರಿಗಳ ಸರಣಿಗೆ, ಎರಡು ಆಂಪಿಯರ್ ಫ್ಯೂಸ್ ಮೂಲಕ ಜೋಡಿಸಿ, ಮೋಟಾರನ್ನು ಕೆಲವು ಬಾರಿ ಚಾಲೂ ಮಾಡಿಸಿ ನೋಡುವುದು. ದೋಷ ಮಾಯವಾದರೆ ಎಸ್‌ಎಂಪಿಎಸ್ ಅಥವಾ ಅದರ ಹಿಂದಿನ ದಾರಿ ಸಿಕ್ಕಿಬಿದ್ದಂತೆ. ಶಾಶ್ವತ ಪರಿಹಾರವಾಗಿ ಡಿಸಿ ಯುಪಿಎಸ್ ಹಾಕುವುದು ನನ್ನ ಪ್ರಕಾರ ಮಲೆನಾಡಿನಲ್ಲಿ ಐಚ್ಛಿಕವಲ್ಲ. ಕರೆಂಟು ಹೋಗಿದೆ ಎಂಬ ಸಂದೇಶವನ್ನು ಕಚೇರಿಗೆ ತಲುಪಿಸುವುದಕ್ಕಾದರೂ ರೂಟರ್ ಅಷ್ಟು ಹೊತ್ತು ಬದುಕಿರಬೇಕು.

ಅದೇ 24 ವೋಲ್ಟ್ ಸಾಲಿನಿಂದ ರಿಲೇ, ಸೊಲೆನಾಯ್ಡ್ ಕವಾಟಗಳೂ ನಡೆಯುತ್ತಿದ್ದರೆ, ಅವುಗಳ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಇದೆಯೇ ನೋಡಬೇಕು, ಎಸಿ ಕಾಂಟ್ಯಾಕ್ಟರ್ ಆಗಿದ್ದರೆ ಆರ್‌ಸಿ ಸ್ನಬ್ಬರ್ (ಏಟು ಹೀರುವ ರೋಧಕ ಮತ್ತು ಕೆಪಾಸಿಟರ್ ಜೋಡಿ). ಇಲ್ಲದಿದ್ದರೆ ಕಾಯಿಲ್ ಬಿಟ್ಟ ಕ್ಷಣದಲ್ಲಿ ಹುಟ್ಟುವ ನೂರಾರು ವೋಲ್ಟಿನ ಏಟು ಎಲ್ಲರಿಗೂ ಹಂಚಿಕೆಯಾಗುತ್ತದೆ. ರೂಟರ್‌ಗೆ ಪ್ರತ್ಯೇಕ ಫ್ಯೂಸ್ ಟರ್ಮಿನಲ್ ಇರಲಿ. ಎಳೆತಂತಿಯ ತುದಿಗೆ ಫೆರುಲ್ (ಪುಟ್ಟ ಲೋಹದ ಕೊಳವೆ) ಹಾಕಿ ಒತ್ತಿರಬೇಕು, ಬೆಸುಗೆ ಹಾಕಿ ಗಟ್ಟಿ ಮಾಡಿದ ತುದಿಯನ್ನು ಸ್ಕ್ರೂ ಟರ್ಮಿನಲ್‌ಗೆ ಕೊಡಬಾರದು, ಏಕೆಂದರೆ ಬೆಸುಗೆಯ ಲೋಹ ಒತ್ತಡಕ್ಕೆ ನಿಧಾನವಾಗಿ ಸರಿದು ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಬಿಗಿ ಮಾಡಿದ ಮೇಲೆ ಪ್ರತಿ ತಂತಿಯನ್ನೂ ಕೈಯಲ್ಲಿ ಮೆಲ್ಲನೆ ಎಳೆದು ನೋಡುವುದು ಅರ್ಧ ನಿಮಿಷದ ಕೆಲಸ.

ತೇವ

ಆಗುಂಬೆ, ಹುಲಿಕಲ್ ಸುತ್ತಮುತ್ತ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಬೀಳುತ್ತದೆ. ಆರಿದ್ರೆ, ಪುನರ್ವಸು ಮಳೆಗಳ ಹೊತ್ತಿಗೆ ಒಗೆದ ಬಟ್ಟೆ ಮನೆಯೊಳಗೂ ಒಣಗುವುದಿಲ್ಲ ಎಂದಮೇಲೆ ಪ್ಯಾನಲ್‌ನೊಳಗಿನ ಗಾಳಿ ಮಾತ್ರ ಒಣಗಿರುತ್ತದೆಂದು ನಿರೀಕ್ಷಿಸುವಂತಿಲ್ಲ. ಇಲ್ಲಿ ಅಂಕಿಯೊಂದನ್ನು ನೆನಪಿಟ್ಟುಕೊಳ್ಳಬೇಕು. ಗಾಳಿಯ ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ 90 ಶೇಕಡಾ ಇದ್ದಾಗ ಇಬ್ಬನಿ ಬಿಂದು ಸುಮಾರು 23 ಡಿಗ್ರಿ. ಅಂದರೆ ರಾತ್ರಿ ಮಳೆ ಗಾಳಿಗೆ ಪ್ಯಾನಲ್‌ನ ಉಕ್ಕಿನ ತಗಡು ಬರೀ ಎರಡು ಡಿಗ್ರಿ ತಣ್ಣಗಾದರೆ ಸಾಕು, ಅದರ ಒಳಮೈಯಲ್ಲಿ ಬೆವರು ಮೂಡುತ್ತದೆ. ಹನಿಗಳು ಮೊದಲು ಮೇಲ್ಚಾವಣಿಯ ಒಳಭಾಗದಲ್ಲಿ ಕೂಡಿ, ನೇರ ಕೆಳಗಿರುವ ಸಾಧನದ ಗಾಳಿ ಕಂಡಿಗಳಿಗೆ ಬೀಳುತ್ತವೆ. ಮೇಲಿನ ಸಾಲಿನಲ್ಲಿ ಕೂರಿಸಿದ ರೂಟರ್ ಅದಕ್ಕೆ ಗುರಿಯಾಗುತ್ತದೆ.

ಐಪಿ 65 ಪ್ಯಾನಲ್ ಹಾಕಿದ್ದೇವಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆ ಅಂಕಿ ಹೇಳುವುದು ಧೂಳು ಮತ್ತು ಎರಚಿದ ನೀರಿನ ಮಾತು, ಹಬೆಯ ಮಾತನ್ನಲ್ಲ. ಹಗಲಲ್ಲಿ ಮೋಟಾರ್ ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಹೋಗುತ್ತದೆ, ನಿಂತು ತಣ್ಣಗಾದಾಗ ಕುಗ್ಗಿ ಗ್ಲ್ಯಾಂಡ್‌ಗಳ (ಕೇಬಲ್ ಒಳಬರುವ ತೂತಿನ ಬಿಗಿ ಹಿಡಿಕೆಗಳ) ಸಂದಿಯಿಂದ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಗಿಯಾದ ಪ್ಯಾನಲ್ ಹೀಗೆ ಎಳೆದುಕೊಂಡ ನೀರನ್ನು ಮರಳಿ ಬಿಡುವುದೂ ಇಲ್ಲ. ಇನ್ನೊಂದು ದಾರಿ ಕೇಬಲ್ ಕಾಲುವೆ: ನದಿ ದಂಡೆಯ ಪಂಪ್‌ಹೌಸ್‌ನಲ್ಲಿ ಅದು ನೀರು ತುಂಬಿ ನಿಂತಿರುವುದೇ ಹೆಚ್ಚು, ಅಲ್ಲಿಂದ ಪೈಪಿನೊಳಗೆ ಹಾದು ಪ್ಯಾನಲ್‌ನ ತಳಕ್ಕೆ ಬರುವ ಗಾಳಿ ನೂರಕ್ಕೆ ನೂರು ತೇವದ್ದು.

ತೇವದ ಗುರುತುಗಳನ್ನು ಬೆಳಗ್ಗೆ ಬೇಗ, ಟಾರ್ಚ್ ಹಿಡಿದು ಹುಡುಕಬೇಕು. ಡಿನ್ ರೈಲಿನ (ಸಾಧನಗಳನ್ನು ಕೂರಿಸುವ ಲೋಹದ ಪಟ್ಟಿ) ಕತ್ತರಿಸಿದ ಅಂಚಿನಲ್ಲಿ ತುಕ್ಕು, ತಾಮ್ರದ ಲಗ್ಗಿನ (ಕೇಬಲ್ ತುದಿಗೆ ಹಾಕುವ ಬಳೆ) ಮೇಲೆ ಹಸಿರು ಪುಡಿ, ರೂಟರ್‌ನ ಆರ್‌ಜೆ 45 (ನೆಟ್‌ವರ್ಕ್ ಕೇಬಲ್) ಕಿಂಡಿಯ ಎಂಟು ಚಿನ್ನದ ಗೆರೆಗಳಲ್ಲಿ ಒಂದೆರಡು ಮಾತ್ರ ಕಪ್ಪಾಗಿರುವುದು, ಸ್ಟಿಕರಿನ ಅಂಟು ಎದ್ದು ಮೂಲೆ ಮಡಚಿಕೊಂಡಿರುವುದು, ಇವೆಲ್ಲ ಸಾಕ್ಷಿ. ಕಪ್ಪಾದ ಗೆರೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಆರಲು ಬಿಡಬೇಕು, ಬಿಸಿಗಾಳಿ ಗನ್ ಹಿಡಿದು ಒಣಗಿಸಬಾರದು. ಬಹಳ ಕಡೆ ಗ್ಲ್ಯಾಂಡ್‌ಗಳ ಸುತ್ತ ಅಂಗಡಿಯಲ್ಲಿ ಸಿಕ್ಕ ಸಿಲಿಕೋನ್ ಬಳಿದಿರುತ್ತಾರೆ. ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಆಗಿದ್ದರೆ ಅದು ಆರುವಾಗ ಬಿಡುವುದು ಅಸಿಟಿಕ್ ಆಮ್ಲದ ಹಬೆ, ಮುಚ್ಚಿದ ಪ್ಯಾನಲ್‌ನೊಳಗೆ ಅದು ತಾಮ್ರವನ್ನು ತಿನ್ನುತ್ತದೆ. ಸೀಲ್ ಮಾಡಲೇಬೇಕಿದ್ದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೇಳಿ ತರಬೇಕು.

ಪರಿಹಾರದಲ್ಲಿ ಮೊದಲನೆಯದು ಹೀಟರ್. ಪ್ಯಾನಲ್‌ನ ತಳದಲ್ಲಿ, ಸುತ್ತ ನೂರು ಮಿಲಿಮೀಟರಿನಷ್ಟು ಜಾಗ ಬಿಟ್ಟು, ಹೈಗ್ರೊಸ್ಟಾಟ್ (ಆರ್ದ್ರತೆ ನೋಡಿ ಆನ್, ಆಫ್ ಮಾಡುವ ಸ್ವಿಚ್ಚು) ಮೂಲಕ ನಡೆಯುವ ಒಂದು ಸಣ್ಣ ಹೀಟರ್ ಹಾಕಿ, ಆರ್ದ್ರತೆ 60ರಿಂದ 65 ಶೇಕಡಾ ದಾಟಿದಾಗ ಅದು ಚಾಲೂ ಆಗುವಂತೆ ಹೊಂದಿಸಬೇಕು. ಅದರ ಸರಬರಾಜು ಮೋಟಾರಿನ ಮುಖ್ಯ ಸ್ವಿಚ್ಚಿಗೂ ಮೊದಲಿನ ಲೈನಿನಿಂದ ಬರಬೇಕು, ಇಲ್ಲದಿದ್ದರೆ ಪಂಪ್ ನಿಂತು ಪ್ಯಾನಲ್ ತಣ್ಣಗಾಗುವ ಹೊತ್ತಿಗೇ ಹೀಟರ್ ಕೂಡ ಆಫ್ ಆಗಿರುತ್ತದೆ. ಹೀಗೆ ಪ್ರತ್ಯೇಕವಾಗಿ ಬಂದ ತಂತಿ ಐಸೊಲೇಟರ್ ತೆಗೆದರೂ ಜೀವಂತವಾಗಿರುವುದರಿಂದ ಬಾಗಿಲ ಮೇಲೆ ಎಚ್ಚರಿಕೆಯ ಫಲಕ ಬೇಕೇ ಬೇಕು. ತಳದ ಮೂಲೆಯಲ್ಲಿ ನೀರಿಳಿಯುವ ಬ್ರೀದರ್ ಪ್ಲಗ್, ಕಾಲುವೆಯಿಂದ ಬರುವ ಪೈಪಿನ ಬಾಯಿಗೆ ಸೀಲ್, ಬಳಸದ ತೂತುಗಳಿಗೆ ಮುಚ್ಚಳ. ಕೇಬಲ್‌ಗಳೆಲ್ಲ ಕೆಳಗಿನಿಂದಲೇ ಬರಲಿ, ಗ್ಲ್ಯಾಂಡಿಗೆ ಮೊದಲು ಒಂದು ಬಳುಕು ಇಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸಿಲಿಕಾ ಜೆಲ್ ಚೀಲ ಬೇಸಿಗೆಗೆ ಸರಿ, ಮಳೆಗಾಲದಲ್ಲಿ ಅದು ಬಣ್ಣ ಬದಲಿಸಿ ಸುಮ್ಮನೆ ಕೂರುತ್ತದೆ.

ಮುಚ್ಚದ ತೂತುಗಳ ಬಗ್ಗೆ ಇನ್ನೊಂದು ಮಾತು. ಬೆಚ್ಚಗಿರುವ ಪ್ಯಾನಲ್ ಮಳೆಗಾಲದಲ್ಲಿ ಹಲ್ಲಿ, ಇರುವೆ, ಕಣಜಗಳಿಗೆ ಸಿದ್ಧವಾದ ಮನೆ. ಕಣಜ ರೂಟರ್‌ನ ಗಾಳಿ ಕಂಡಿಗಳಿಗೇ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಆ ಮಣ್ಣು ಒಣಗಿದ್ದಾಗ ನಿರುಪದ್ರವಿ, ತೇವ ಹೀರಿದಾಗ ವಿದ್ಯುತ್ತಿಗೆ ದಾರಿ. ಹಲ್ಲಿ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿ ಸತ್ತಿರುವುದನ್ನು ಕಂಡರೆ, ತೆಗೆದು ಎಸೆದು ಮುಗಿಸದೆ, ಅದು ಒಳಬಂದ ದಾರಿಯನ್ನೂ ಹುಡುಕಬೇಕು.

ಡ್ರೈವ್‌ನ ನೆರೆಹೊರೆ

ಡ್ರೈವ್ ಮತ್ತು ರೂಟರ್ ಒಂದೇ ಪ್ಯಾನಲ್‌ನಲ್ಲಿರುವುದೇ ಒಳ್ಳೆಯದಲ್ಲ, ಆದರೆ ಜಾಗದ ಕೊರತೆಯಿಂದ ಹಾಗೆ ಆಗಿರುತ್ತದೆ. ಆಗ ರೂಟರ್, ಪಿಎಲ್‌ಸಿಗಳ ಸಿಗ್ನಲ್ ತಂತಿಗಳಿಗೂ ಮೋಟಾರ್ ಕೇಬಲಿಗೂ ನಡುವೆ ಕನಿಷ್ಠ 200 ಮಿ.ಮೀ. ಅಂತರವಿರಬೇಕು, ಒಂದನ್ನೊಂದು ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಬೇಕು. ಎರಡನ್ನೂ ಒಂದೇ ವೈರ್ ಡಕ್ಟಿನಲ್ಲಿ ತುಂಬಿರುವುದು ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುವ ತಪ್ಪು. ಮೋಟಾರ್ ಕೇಬಲ್ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಉಳ್ಳದ್ದಾಗಿದ್ದು, ಆ ಶೀಲ್ಡ್ ಎರಡೂ ತುದಿಗಳಲ್ಲಿ ಸುತ್ತಲೂ ಅಪ್ಪಿ ಹಿಡಿಯುವ ಲೋಹದ ಕ್ಲಾಂಪಿನಿಂದ ಬಂಧಿತವಾಗಿರಬೇಕು. ಶೀಲ್ಡನ್ನು ಜಡೆಯಂತೆ ಹೆಣೆದು ಒಂದು ಸ್ಕ್ರೂಗೆ ಕಟ್ಟಿದರೆ ಅಧಿಕ ಆವರ್ತನದ ಗದ್ದಲಕ್ಕೆ ಅದು ಇಲ್ಲದಷ್ಟೇ ಲೆಕ್ಕ. ಕಾರಣ ಖಚಿತಪಡಿಸಿಕೊಳ್ಳಲು, ಡ್ರೈವ್‌ನ ಕ್ಯಾರಿಯರ್ ಆವರ್ತನವನ್ನು (ಅದು ಕರೆಂಟನ್ನು ಸೆಕೆಂಡಿಗೆ ಎಷ್ಟು ಬಾರಿ ಕಡಿದು ಕೊಡುತ್ತದೆ ಎಂಬ ಲೆಕ್ಕ), ಉದಾಹರಣೆಗೆ, 8 ಕಿಲೊಹರ್ಟ್ಸ್‌ನಿಂದ 4ಕ್ಕೆ ಇಳಿಸಿ ನೋಡಬಹುದು. ಮೋಟಾರಿನ ಕೀರಲು ಸದ್ದು ಹೆಚ್ಚಿದರೂ ಮಾಹಿತಿ ಸರಾಗವಾದರೆ ಅನುಮಾನ ದೃಢ.

ಸಾಧನಗಳ ನಡುವೆ ಮಾಹಿತಿ ಸಾಗಿಸುವ ಆರ್‌ಎಸ್ 485 ಎಂಬ ಎರಡು ತಂತಿಯ ಸಾಲಿನಲ್ಲಿ ದೋಷವಿದ್ದಾಗಲೂ ದೂರು ರೂಟರ್ ಮೇಲೆಯೇ ಬರುತ್ತದೆ. 120 ಓಮ್ ರೋಧಕ ಸಾಲಿನ ಎರಡು ತುದಿಗಳಲ್ಲಿ ಮಾತ್ರ ಇರಬೇಕು, ಕರೆಂಟು ತೆಗೆದು ಎರಡು ತಂತಿಗಳ ನಡುವೆ ಅಳೆದಾಗ ಸುಮಾರು 60 ಓಮ್ ಬರಬೇಕು. 40ರ ಹತ್ತಿರ ಬಂದರೆ ನಡುವೆ ಯಾರೋ ಮೂರನೆಯದನ್ನು ಹಾಕಿದ್ದಾರೆ.

ರೂಟರ್ ಕೂರಿಸುವ ಜಾಗದ ಬಗ್ಗೆ: 35 ಮಿ.ಮೀ. ಡಿನ್ ರೈಲಿಗೆ ಕ್ಲಿಪ್ ಪೂರ್ತಿ ಕಚ್ಚಿರಬೇಕು, ಎರಡೂ ಬದಿ ಎಂಡ್ ಸ್ಟಾಪ್ ಇರಬೇಕು. ದೊಡ್ಡ ಕಾಂಟ್ಯಾಕ್ಟರ್ ಕುಟ್ಟಿದಾಗಲೆಲ್ಲ ಹಿಂದಿನ ತಗಡು ಅದುರಿ, ಸಡಿಲ ಕೂತ ಸಿಮ್ ಕ್ಷಣಕಾಲ ಸಂಪರ್ಕ ಕಳೆದುಕೊಳ್ಳುವುದುಂಟು, ದಾಖಲೆಯಲ್ಲಿ ಸಿಮ್ ಇಲ್ಲ ಎಂಬ ಸಾಲು ಮೋಟಾರ್ ಚಾಲೂ ಆದ ವೇಳೆಗೇ ಬಂದಿದ್ದರೆ ಇದನ್ನು ಗಮನಿಸಬೇಕು. ಡ್ರೈವ್, ಟ್ರಾನ್ಸ್‌ಫಾರ್ಮರ್, ಹೀಟರ್‌ಗಳ ನೇರ ಮೇಲೆ ರೂಟರ್ ಬೇಡ. ತಯಾರಕರು ಹೇಳಿದಷ್ಟು ಗಾಳಿಯಾಡುವ ಜಾಗ ಮೇಲೆ ಕೆಳಗೆ ಉಳಿದಿರಲಿ.

ಅರ್ಥಿಂಗ್ ಮತ್ತು ಸಿಡಿಲು

ಮಲೆನಾಡಿನ ಬಹುಭಾಗದಲ್ಲಿ ಕೆಳಗಿರುವುದು ಜಂಬಿಟ್ಟಿಗೆ ಕಲ್ಲು. ಅದು ಒಣಗಿದಾಗ ವಿದ್ಯುತ್ತಿಗೆ ಬಹಳ ರೋಧ ಒಡ್ಡುತ್ತದೆ. ಸಿಡಿಲಿನ ಕಾಟ ಹೆಚ್ಚಿರುವುದು ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಅಂದರೆ ನೆಲ ವರ್ಷದಲ್ಲೇ ಅತ್ಯಂತ ಒಣಗಿರುವ ಹೊತ್ತಿನಲ್ಲಿ. ಆಗಸ್ಟ್‌ನಲ್ಲಿ ಅಳೆದು ಬರೆದಿಟ್ಟ ಅರ್ಥ್ ರೋಧದ ಅಂಕಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಏಪ್ರಿಲ್‌ನಲ್ಲಿ ಅದರಿಂದ ಉಪಯೋಗವಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಮಾರ್ಚ್ ಕೊನೆಗೆ ಮಾಡಬೇಕು.

ರೋಧದ ಅಂಕಿಗಿಂತಲೂ ಮುಖ್ಯವಾದದ್ದು ಎಲ್ಲ ಅರ್ಥ್‌ಗಳೂ ಒಂದಕ್ಕೊಂದು ಜೋಡಿಸಿರುವುದು. ಆಂಟೆನಾ ಕಂಬಕ್ಕೆ ಬೇರೆಯೇ ಗುಂಡಿ ತೋಡಿ, ಅದನ್ನು ಪ್ಯಾನಲ್‌ನ ಅರ್ಥಿಗೆ ಸೇರಿಸದೆ ಬಿಟ್ಟಿದ್ದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ, ಆ ಎರಡನ್ನೂ ಮುಟ್ಟಿಕೊಂಡಿರುವ ಏಕೈಕ ವಸ್ತು ರೂಟರ್. ಆಂಟೆನಾ ಕಿಂಡಿಯ ಸುತ್ತ ಸುಟ್ಟ ಕಪ್ಪು ಕಲೆಯಿದ್ದರೆ, ಅಥವಾ ರೂಟರ್ ಚಾಲೂ ಆದರೂ ಮೋಡೆಮ್ ಕಾಣದಿದ್ದರೆ ಇದನ್ನೇ ಹುಡುಕಬೇಕು. ಪ್ಯಾನಲ್‌ಗೆ ಕೋಆಕ್ಸಿಯಲ್ ಕೇಬಲ್ ಒಳಬರುವ ಜಾಗದಲ್ಲೇ ಅರೆಸ್ಟರ್ (ಸಿಡಿಲಿನ ಏಟನ್ನು ನೆಲಕ್ಕಿಳಿಸುವ ಸಾಧನ) ಹಾಕಿ, ಬಣ್ಣ ಕೆರೆದ ಬರಿಯ ಲೋಹಕ್ಕೆ ಅದನ್ನು ಬಿಗಿಯಬೇಕು. ಡಿನ್ ರೈಲ್ ಮತ್ತು ಬಾಗಿಲಿಗೂ ಹೆಣೆದ ತಾಮ್ರಪಟ್ಟಿಯ ಬಂಧ ಬೇಕು.

ಒಳಬರುವ ವಿದ್ಯುತ್ತಿಗೆ ಟೈಪ್ 2 ಎಸ್‌ಪಿಡಿ (ಕ್ಷಣಿಕ ವೋಲ್ಟೇಜ್ ಏಟು ತಡೆಯುವ ಸಾಧನ) ಇರುತ್ತದೆ, ಅದರ ಹಸಿರು ಕಿಟಕಿ ಕೆಂಪಾಗಿದ್ದರೂ ಯಾರೂ ನೋಡಿರುವುದಿಲ್ಲ. ಕಿಟಕಿ ಹಸಿರಾಗಿದ್ದೂ ಸಾಧನ ಸುಟ್ಟರೆ ತಂತಿಯ ಉದ್ದ ಅಳೆಯಬೇಕು. ಫೇಸ್‌ನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ಥ್ ಬಾರಿಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಮೈಕ್ರೋಸೆಕೆಂಡಿಗೆ ಒಂದು ಕಿಲೊ ಆಂಪಿಯರ್ ವೇಗದಲ್ಲಿ ಏರುವ ಪ್ರವಾಹ ಒಂದು ಮೀಟರ್ ತಂತಿಯಲ್ಲೇ ಸುಮಾರು 1000 ವೋಲ್ಟ್ ಹುಟ್ಟಿಸುತ್ತದೆ, ಅದಷ್ಟೂ ಎಸ್‌ಪಿಡಿ ತಡೆದ ವೋಲ್ಟೇಜಿಗೆ ಸೇರಿಕೊಳ್ಳುತ್ತದೆ. ಅಂದವಾಗಿ ಸುತ್ತಿಟ್ಟ ಉದ್ದದ ಹಸಿರು ತಂತಿ ಈ ಕಾರಣಕ್ಕೆ ಅಪಾಯದ ಗುರುತು. ಇನ್ನು, ಹಳ್ಳಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ ಒಂದು ಫೇಸಿನ ವೋಲ್ಟೇಜ್ 400ರ ಹತ್ತಿರಕ್ಕೆ ಏರಬಹುದು. ಅದು ಸಿಡಿಲಿನಂತೆ ಕ್ಷಣದ ಏಟಲ್ಲ, ಎಸ್‌ಪಿಡಿಯೇ ಉರಿದುಹೋಗುತ್ತದೆ. ಅದಕ್ಕೆ ಅಧಿಕ ವೋಲ್ಟೇಜ್ ರಿಲೇ ಬೇಕು.

ಆಂಟೆನಾ

ಉಕ್ಕಿನ ಪ್ಯಾನಲ್‌ನೊಳಗೆ ಪುಟ್ಟ ಆಂಟೆನಾ ಸಿಕ್ಕಿಸಿ ಬಾಗಿಲು ಮುಚ್ಚಿದರೆ ಸಿಗ್ನಲ್ ಸಾಯುತ್ತದೆ. ಬಾಗಿಲು ತೆರೆದು ಪರೀಕ್ಷಿಸಿದಾಗ ಎಲ್ಲ ಸರಿ, ಮುಚ್ಚಿ ಹೊರಟ ಮೇಲೆ ದೋಷ ಎಂಬ ದೂರಿಗೆ ಇದೇ ಉತ್ತರ. ಸಿಗ್ನಲಿನ ಅಳತೆಗಳನ್ನು ಯಾವಾಗಲೂ ಬಾಗಿಲು ಮುಚ್ಚಿ, ಮೋಟಾರ್ ಓಡುತ್ತಿರುವಾಗ ಬರೆದುಕೊಳ್ಳಬೇಕು.

ಪರದೆಯ ಮೇಲಿನ ಕಡ್ಡಿಗಳನ್ನು ನಂಬದೆ ಆರ್‌ಎಸ್‌ಆರ್‌ಪಿ (ಸಿಗ್ನಲಿನ ಬಲ) ಮತ್ತು ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬ ಅಳತೆ) ನೋಡಬೇಕು. ಆರ್‌ಎಸ್‌ಆರ್‌ಪಿ ಮೈನಸ್ 90 ಡಿಬಿಎಂಗಿಂತ ಮೇಲಿದ್ದರೆ ಚಿಂತೆಯಿಲ್ಲ, ಮೈನಸ್ 105ರ ಆಸುಪಾಸು ಮಳೆಯ ದಿನಕ್ಕೆ ಕಷ್ಟ, ಮೈನಸ್ 115 ದಾಟಿ ಕೆಳಗಿಳಿದರೆ ಕಡಿಯುವುದು ಖಚಿತ. ಎಸ್‌ಐಎನ್‌ಆರ್ ಸೊನ್ನೆಗಿಂತ ಕೆಳಗಿದ್ದರೆ ಸಿಗ್ನಲ್ ಬಲವಿದ್ದೂ ಪ್ರಯೋಜನವಿಲ್ಲ. ಕಣಿವೆಯ ತಳದ ಪಂಪ್‌ಹೌಸ್‌ನಲ್ಲಿ ಟವರ್ ಕಾಣುವುದೇ ಇಲ್ಲ, ಅಡಿಕೆ ತೋಟದ ಒದ್ದೆ ಸೋಗೆ ನಡುವೆ ಬಂದರೆ ಇನ್ನೂ ಕೆಲವು ಡಿಬಿ ಬಲ ಹೋಗುತ್ತದೆ. ತೋಟದ ತಲೆಗಿಂತ ಎತ್ತರಕ್ಕೆ ಒಂದು ದಿಕ್ಕಿನ ಆಂಟೆನಾ ಏರಿಸುವುದು ದಾರಿ, ಆದರೆ ಎತ್ತರಕ್ಕೆ ಉದ್ದದ ಕೇಬಲ್ ಬೇಕು. ತೆಳ್ಳಗಿನ ಆರ್‌ಜಿ 58 ಕೇಬಲ್ 900 ಮೆಗಾಹರ್ಟ್ಸ್‌ನಲ್ಲೇ ಮೀಟರಿಗೆ ಸುಮಾರು ಅರ್ಧ ಡಿಬಿ ನುಂಗುತ್ತದೆ, ಹದಿನೈದು ಮೀಟರ್ ಎಳೆದರೆ ಆಂಟೆನಾದ ಲಾಭವೆಲ್ಲ ಅಲ್ಲೇ ಮುಗಿಯುತ್ತದೆ. ಎಲ್‌ಎಂಆರ್ 400 ದರ್ಜೆಯ ದಪ್ಪ ಕೇಬಲಿನಲ್ಲಿ ನಷ್ಟ ಅದರ ಸುಮಾರು ಕಾಲು ಭಾಗ.

ಹೊರಗಿನ ಕನೆಕ್ಟರ್ ಬಿಚ್ಚಿದಾಗ ಒಳಗಿನ ಬಿಳಿ ಪ್ಲಾಸ್ಟಿಕ್ ಮೇಲೆ ನೀರಿನ ಮಣಿ ಅಥವಾ ಹಸಿರು ಬಣ್ಣ ಕಂಡರೆ ಒರೆಸಿ ಮತ್ತೆ ಹಾಕಬಾರದು, ಹೆಣೆದ ಶೀಲ್ಡಿನ ಉದ್ದಕ್ಕೂ ನೀರು ಒಳಗೆ ಹೋಗಿರುತ್ತದೆ. ಶೀಲ್ಡಿನ ತಾಮ್ರ ಹೊಳೆಯುವ ಕಡೆಯವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಎಳೆದಾಗ ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದೆಸಿದಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುವ ಹಾಗೆ. ರೂಟರ್‌ನ ಕಡೆ, ಮೊಬೈಲ್ ಆಂಟೆನಾದ ಎಸ್‌ಎಂಎ ಕನೆಕ್ಟರೂ ವೈಫೈನ ಆರ್‌ಪಿ ಎಸ್‌ಎಂಎ ಕಿಂಡಿಯೂ ಎಳೆಗೆ ಎಳೆ ಸೇರಿದರೂ ನಡುವಿನ ಪಿನ್ ಕೂಡುವುದಿಲ್ಲ. ಎರಡನ್ನು ಅದಲುಬದಲು ಮಾಡಿದ ಪ್ಯಾನಲ್‌ಗಳಲ್ಲಿ ಎಲ್ಲವೂ ಬಿಗಿಯಾಗಿಯೇ ಕಾಣುತ್ತದೆ.

ಸಿಮ್‌ನ ಅವಧಿ, ಎಪಿಎನ್ (ಮೊಬೈಲ್ ಜಾಲಕ್ಕೆ ಸೇರುವ ದ್ವಾರದ) ಹೆಸರು, ಮಾಹಿತಿ ಮಿತಿ ಇವನ್ನು ಕಚೇರಿಯಲ್ಲೇ ಕೂತು ಪರಿಶೀಲಿಸಬಹುದು, ಇವಕ್ಕಾಗಿ ಘಾಟಿ ಹತ್ತಬೇಕಿಲ್ಲ.

ಕೊನೆಯ ಪರೀಕ್ಷೆ

ದುರಸ್ತಿ ಮುಗಿದ ಮೇಲೆ ಮೋಟಾರನ್ನು ಹಲವು ಬಾರಿ ಚಾಲೂ ಮಾಡಿ ನಿಲ್ಲಿಸಿ, ಪ್ರತಿ ಸಲ ಅಪ್‌ಟೈಮ್ ಮುಂದುವರಿದಿದೆಯೇ ನೋಡಬೇಕು. ಒಂದು ರಾತ್ರಿ ಕಳೆದು ಬೆಳಗಿನ ಜಾವದ ಆರ್ದ್ರತೆ ದಾಟುವವರೆಗೆ ದೋಷ ಹೋಯಿತೆಂದು ಯಾರಿಗೂ ಹೇಳಬಾರದು. ಟರ್ಮಿನಲ್ ವೋಲ್ಟೇಜ್, ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್, ಅರ್ಥ್ ರೋಧ, ಇವುಗಳನ್ನು ದಿನಾಂಕದೊಂದಿಗೆ ಬರೆದು ಬಾಗಿಲ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿಡಬೇಕು. ಒಂದು ಭೇಟಿಯಲ್ಲಿ ಹಲವು ಬದಲಾವಣೆ ಮಾಡಿದ್ದರೆ ಅವನ್ನು ಮಾಡಿದ ಕ್ರಮದಲ್ಲೇ ದಾಖಲಿಸಬೇಕು. ಇಷ್ಟೆಲ್ಲ ಆದ ಮೇಲೂ ಬ್ಯಾಟರಿಯ ಮೇಲೆ, ಒಣ ಪ್ಯಾನಲ್‌ನಲ್ಲಿ, ಮೈನಸ್ 85 ಡಿಬಿಎಂ ಸಿಗ್ನಲಿನಲ್ಲಿ, ವಾಚ್‌ಡಾಗ್ ಆಫ್ ಇದ್ದಾಗಲೂ ರೂಟರ್ ತಾನೇ ಮರುಚಾಲೂ ಆಗುತ್ತಿದ್ದರೆ ಮೊದಲು ಅದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ನವೀಕರಿಸಬೇಕು. ಆಗಲೂ ನಿಲ್ಲದಿದ್ದರೆ ರೂಟರ್‌ನ ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಉಳಿಸಿಕೊಂಡು, ಅದೇ ಮಾದರಿಯ ಬೇರೆ ರೂಟರ್ ಕೂರಿಸಿ, ಹಳೆಯದನ್ನು ದಾಖಲೆಯ ಕಡತದ ಸಮೇತ ತಯಾರಕರಿಗೆ ಕಳಿಸಬೇಕು.